ಯಾರೂ ಕಾಲಿಡದ ತಿರುವು

ನಕ್ಷೆಯಲ್ಲಿ ಆ ಜಾಗವನ್ನು ಬಿಳಿಯಾಗಿ ಬಿಟ್ಟವಳು ನಾನೇ. ಕೆಳಗೆ ಸಹಿ ಹಾಕಿದವಳೂ ನಾನೇ. ಒದೀಲ್ ಎಂಬ ನನ್ನ ಹೆಸರು ಇವತ್ತಿಗೂ ಆ ಕಾಗದದ ಬಲಮೂಲೆಯಲ್ಲಿದೆ. ನಮ್ಮ ನೆಲವನ್ನು ನಮ್ಮಿಂದ ಕಿತ್ತುಕೊಳ್ಳಲು ಸರ್ಕಾರಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಹನ್ನೆರಡು ವರ್ಷದ ಹಿಂದೆ, ಉತ್ತರದ ಹಿಮನಾಡಿನ ದೊಡ್ಡ ನದಿಯ ದಂಡೆಯ ಮೂಲನಿವಾಸಿಗಳಾದ ನಮ್ಮ ದೆನೆ ಜನ ತಮ್ಮ ನೆಲದ ಹಕ್ಕಿಗಾಗಿ ಅರ್ಜಿ ಹಾಕಿದರು. ಇಲ್ಲಿ ನೀವು ಬದುಕಿದ್ದಿರಿ ಎಂಬುದಕ್ಕೆ ಪುರಾವೆ ಕೊಡಿ ಎಂದು ಸರ್ಕಾರ ಕೇಳಿತು. ಪುರಾವೆ ಎಂದರೆ ನಕ್ಷೆ. ನಾನು ಶಾಲೆ ಕಲಿತವಳು, ಎರಡೂ ಭಾಷೆ ಬಲ್ಲವಳು. ಸುರುಳಿ ಕಾಗದವನ್ನು ಬೆನ್ನಿಗೆ ಕಟ್ಟಿಕೊಂಡು ಹಿರಿಯರ ಮನೆಮನೆಗೆ ನಡೆದೆ. ಅವರು ಬೆರಳಿಟ್ಟಲ್ಲಿ ಗೆರೆ ಎಳೆದೆ. ಮೂಸ್ ಎಂಬ ದೊಡ್ಡ ಕಡವೆಯನ್ನು ಬೇಟೆಯಾಡಿದಲ್ಲಿ ಕೆಂಪು, ಬಲೆ ಕಟ್ಟಿದಲ್ಲಿ ನೀಲಿ, ಬೀಡು ಬಿಟ್ಟಲ್ಲಿ ಹಸಿರು, ಸತ್ತವರನ್ನು ಹೂತಲ್ಲಿ ಕಪ್ಪು. ಅರವತ್ತೊಂದು ಮಂದಿ ಹಿರಿಯರು, ಅರವತ್ತೊಂದು ನಕ್ಷೆ.

ಅಷ್ಟರಲ್ಲೂ ಒಂದು ತಿರುವು ಬಿಳಿಯಾಗಿಯೇ ಉಳಿಯಿತು. ಊರಿನಿಂದ ಮೂವತ್ತು ಮೈಲಿ ಕೆಳಗೆ, ನದಿ ಪಶ್ಚಿಮಕ್ಕೆ ಹೊರಳುವಲ್ಲಿ, ಅಂಗೈಯಗಲದ ಜಾಗ. ಪೆನ್ನು ಅದರ ಹತ್ತಿರ ಬಂದರೆ ಮುದುಕರು ಹವೆಯ ಮಾತು ತೆಗೆಯುತ್ತಿದ್ದರು. ಕೆಲವರು ಎದ್ದು ಒಲೆಗೆ ಕಟ್ಟಿಗೆ ಹಾಕುತ್ತಿದ್ದರು. ನನ್ನ ಅಜ್ಜಿ ಫಿಲೊಮೀನ್ ನನ್ನ ಮಣಿಕಟ್ಟು ಹಿಡಿದು ಕೈಯನ್ನೇ ಆಚೆ ಸರಿಸಿಬಿಟ್ಟಳು.

ಯಾಕೆಂದು ನಾನು ಕೇಳಲಿಲ್ಲ. ನಮ್ಮಲ್ಲಿ ಯಾರೂ ಕೇಳುವುದಿಲ್ಲ. ದೋಣಿ ಆ ತಿರುವಿಗೆ ಬಂದಾಗ ಎಂಜಿನ್ನಿನ ಸದ್ದು ತಗ್ಗಿಸಬೇಕು, ಆಚೆ ದಡಕ್ಕೆ ಒತ್ತಿಕೊಳ್ಳಬೇಕು, ಒಂದು ಚಿಟಿಕೆ ತಂಬಾಕನ್ನು ನೀರಿಗೆ ಹಾಕಿ ಮಾತಿಲ್ಲದೆ ದಾಟಬೇಕು. ಇದನ್ನು ಹಾಲುಹಲ್ಲಿನ ಕಾಲದಿಂದ ಕಲಿತವರು ನಾವು. ಅಲ್ಲಿ ಹಣ್ಣು ಕೀಳುವುದಿಲ್ಲ. ಕಟ್ಟಿಗೆ ಕಡಿಯುವುದಿಲ್ಲ. ಗಾಯಗೊಂಡ ಮೂಸ್ ಅತ್ತ ಓಡಿದರೆ ಬೇಟೆಗಾರ ಬಂದೂಕು ತಗ್ಗಿಸಿ ಹಿಂದಿರುಗುತ್ತಾನೆ. ಅಲ್ಲಿ ಸತ್ತವರಿದ್ದಾರೆ ಎಂಬುದಷ್ಟೇ ತಿಳಿದಿತ್ತು. ಯಾರು, ಎಷ್ಟು, ಹೇಗೆ ಎಂದು ಬಾಯಿ ಬಿಡುವವರಿರಲಿಲ್ಲ. ಸತ್ತವರ ಹೆಸರು ಹೇಳಿದರೆ ಅವರನ್ನು ಕರೆದಂತೆ. ಕರೆದರೆ ಬರುತ್ತಾರೆ. ಬಂದವರನ್ನು ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ.

ಹಾಗಾಗಿ ಗೌರವದಿಂದ ಬಿಳಿ ಬಿಟ್ಟೆ. ಸರ್ಕಾರದವರು ಅರವತ್ತೊಂದು ನಕ್ಷೆಗಳನ್ನು ಗಾಜಿನ ಮೇಜಿನ ಮೇಲೆ ಒಂದರ ಮೇಲೊಂದು ಹಾಸಿ ಕೆಳಗಿನಿಂದ ದೀಪ ಹಚ್ಚಿದರು. ಗೆರೆಯ ಮೇಲೆ ಗೆರೆ ಕೂತು ಇಡೀ ನದಿ ಕಪ್ಪಗಾಯಿತು. ಆ ತಿರುವಿನಲ್ಲಿ ಮಾತ್ರ ಬೆಳಕು ನೇರ ಮೇಲಕ್ಕೆ ಬಂತು. ‘ಬಳಕೆಯಿಲ್ಲದ ನೆಲ’ ಎಂದು ಬರೆದುಕೊಂಡರು. ಒಪ್ಪಂದದಲ್ಲಿ ತಿರುವು ಅವರ ಪಾಲಿಗೆ ಹೋಯಿತು.

ಈ ವರ್ಷ ಉತ್ತರಕ್ಕೆ ಹೊಸ ರಸ್ತೆ ಬಂತು. ರಸ್ತೆಗೆ ಜಲ್ಲಿ ಬೇಕು. ಆ ತಿರುವಿನ ಮಣ್ಣಿನಡಿ ಒಳ್ಳೆಯ ಜಲ್ಲಿ ಇತ್ತು.

ಪರವಾನಗಿಯ ಕಾಗದ ಊರಿಗೆ ಬಂದದ್ದು ಆಗಸ್ಟ್ ಕೊನೆಗೆ. ಆಕ್ಷೇಪಣೆಗೆ ಮೂವತ್ತು ದಿನ ಅವಕಾಶವಿತ್ತು. ನಮ್ಮ ಪಂಚಾಯಿತಿ ಮಾರನೆಯ ದಿನವೇ ಬರೆಯಿತು: ಅಲ್ಲಿ ನಮ್ಮವರ ಶವಗಳಿವೆ. ಭೂ ಅಧಿಕಾರಿ ವಿಟ್ಕೋಂಬ್ ಬಹಳ ವಿನಯದ ಉತ್ತರ ಕಳಿಸಿದ. ಕೇಳಿದ ಮಾತು ನಡೆಯುವುದಿಲ್ಲ. ಕಣ್ಣಾರೆ ಕಂಡವರು ಬೇಕು, ಇಲ್ಲವೇ ಮೂಳೆ ಬೇಕು. ಕಂಡವರು ಯಾರೂ ಬಾಯಿ ಬಿಡಲಿಲ್ಲ. ಬದುಕಿದ್ದಾರೋ ಇಲ್ಲವೋ ಎಂಬುದೇ ನಮಗೆ ತಿಳಿದಿರಲಿಲ್ಲ. ಇತ್ತ ಗಡುವು ಮುಗಿಯುವವರೆಗೆ ಅಗೆಯುವುದಕ್ಕೆ ತಡೆಯಿತ್ತು, ಮರ ಕಡಿಯುವುದಕ್ಕೆ ತಡೆಯಿರಲಿಲ್ಲ. ಕಂಪನಿಯವರು ಕೆಲಸ ಶುರು ಮಾಡಿದರು.

ಆ ಕೆಲಸಕ್ಕೆ ನಾನೂ ಹೋದೆ. ಒಪ್ಪಂದ ಮುಗಿದ ಮೇಲೆ ನಕ್ಷೆಯ ಕಚೇರಿ ಮುಚ್ಚಿತ್ತು. ಚಳಿಗಾಲ ಎದುರಿಗಿತ್ತು, ಊರಿನಲ್ಲಿ ಬೇರೆ ದುಡಿಮೆಯಿರಲಿಲ್ಲ. ಮರ ಕಡಿದು ತೆರೆಯುವ ಗೆರೆ ತಿರುವಿಗಿಂತ ಮೊದಲು ಸಿಗುವ ಹಳ್ಳಕ್ಕೇ ನಿಲ್ಲುತ್ತದೆ ಎಂದು ಮೇಸ್ತ್ರಿ ಡ್ವೈಟ್ ಮಾತು ಕೊಟ್ಟಿದ್ದ. ದಕ್ಷಿಣದ ಪಟ್ಟಣದವನು, ಕೆಂಪು ಕತ್ತಿನ ದಪ್ಪ ಮನುಷ್ಯ. ನಮ್ಮ ಹೆಸರು ಅವನ ನಾಲಿಗೆಗೆ ಹೊರಳಲಿಲ್ಲ. ಎರಡನೆಯ ದಿನವೇ ಬಣ್ಣದ ಡಬ್ಬಿ ತಂದು ನಮ್ಮ ಟೋಪಿಗಳ ಮೇಲೆ ಅಂಕಿ ಬರೆದ. ನನ್ನ ದೊಡ್ಡಪ್ಪನ ಮಗ ಇಸಿಡೋರ್ ಆರು. ನಾನು ಏಳು.

ಇಸಿಡೋರ್ ನಕ್ಕುಬಿಟ್ಟ. “ಪಾದ್ರಿ ಒಂದು ಹೆಸರಿಟ್ಟ, ಸರ್ಕಾರ ಒಂದು ಪಟ್ಟಿ ನಂಬರು ಕೊಡ್ತು, ಈಗ ಇವನದೊಂದು. ಸತ್ತು ಮೇಲೆ ಹೋದ್ರೆ ಯಾವ್ದಕ್ಕೆ ಓಗೊಡ್ಬೇಕೋ ಗೊತ್ತಾಗಲ್ಲ ಕಣೇ ತಂಗಿ.”

ಹದಿನೈದು ಅಡಿ ಅಗಲದ ಗೆರೆ. ನಾನು ಗರಗಸದ ಯಂತ್ರ ಹಿಡಿದು ಮುಂದೆ, ಇಸಿಡೋರ್ ಕೊಡಲಿ ಹಿಡಿದು ಹಿಂದೆ. ಯಂತ್ರದ ನಡುಕ ಮೊಣಕೈಗೆ ಹತ್ತಿ, ಊಟಕ್ಕೆ ಕೂತರೂ ಕೈ ನಿಲ್ಲುತ್ತಿರಲಿಲ್ಲ. ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ತುಳುಕುತ್ತಿತ್ತು. ಸೂಜಿಯೆಲೆಯ ಸ್ಪ್ರೂಸ್ ಮರದ ಅಂಟು ಉಗುರಿನ ಸಂದಿಯಲ್ಲಿ ಕಪ್ಪುಗಟ್ಟಿತು. ಪಾಚಿಯ ಜೌಗಿನಲ್ಲಿ ಮೊಳಕಾಲವರೆಗೆ ಹೂತು ಬೆರಳುಗಳು ಬೆಳ್ಳಗೆ ಸುಕ್ಕಾದವು. ಅಡುಗೆ ಡೇರೆಯೊಳಗೆ ದಕ್ಷಿಣದವರು ಮೇಜಿಗೆ ಕೂತು ಉಣ್ಣುತ್ತಿದ್ದರು. ನಮ್ಮ ತಟ್ಟೆಗಳು ಹೊರಗಿನ ದಿಮ್ಮಿಯ ಮೇಲೆ ಬರುತ್ತಿದ್ದವು. ಒಳಗೆ ಜಾಗವಿಲ್ಲ ಎಂಬುದು ಕಾರಣ. ಒಳಗೆ ಮೂರು ಬೆಂಚು ಖಾಲಿ ಇದ್ದವು.

ಪರವಾನಗಿ ಬಂದ ಇಪ್ಪತ್ತನಾಲ್ಕನೆಯ ದಿನ ಹಳ್ಳ ಬಂತು. ಇಸಿಡೋರ್ ಕೊಡಲಿ ಕೆಳಗಿಟ್ಟ. ಟೋಪಿ ತೆಗೆದು ಎದೆಗೆ ಹಿಡಿದ.

ಮೇಸ್ತ್ರಿ ಬಂದ. “ಏಯ್ ಆರು, ಯಾಕೆ ನಿಂತೆ?”

“ಇಲ್ಲೀವರೆಗೆ ಅಂದಿದ್ರಲ್ಲ ಸ್ವಾಮಿ.”

“ನಾನಂದಿದ್ದು ಹೋದ ತಿಂಗಳು. ಕಾಗದ ಬಂದಿದ್ದು ಇವತ್ತು.”

ಇಸಿಡೋರ್ ಅಲ್ಲಾಡಲಿಲ್ಲ. ಮೇಸ್ತ್ರಿ ನನ್ನ ಕಡೆ ತಿರುಗಿದ. ನೀನು ಓದಿದವಳು, ಇವನ ಹಾಗೆ ದೆವ್ವಕ್ಕೆ ಹೆದರಿ ಕೂರುತ್ತೀಯಾ, ಎಂದು ಕೇಳಿದ.

ನಾನು ಹಳ್ಳ ದಾಟಿದೆ. ಇದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳಲಾರೆ. ಓದಿದವಳು ಎಂಬ ಒಂದು ಮಾತಿಗೆ ನಾನು ಬದುಕಿನುದ್ದಕ್ಕೂ ಬಾಗಿದ್ದೇನೆ.

ಆ ದಡದಲ್ಲಿ ನನ್ನ ಬೂಟಿನ ಸದ್ದು ನನಗೇ ದೊಡ್ಡದಾಗಿ ಕೇಳಿತು. ನಲವತ್ತು ವರ್ಷ ಕಣ್ಣು ತಪ್ಪಿಸಿಕೊಂಡು ದಾಟಿದ ಜಾಗ. ಒಳಗೆ ಕಾಡು ದಟ್ಟವಾಗಿತ್ತು. ಬೇರೆಲ್ಲೂ ಕಾಣದಷ್ಟು ಅಚ್ಚುಕಟ್ಟಾಗಿತ್ತು. ನಾನು ಯಂತ್ರ ಎಳೆದು ಮೊದಲ ಮರಕ್ಕೆ ಹಲ್ಲು ಕೊಟ್ಟೆ. ಮರ ನದಿಯ ಕಡೆಗೆ ಉರುಳಿತು. ಬುಡದ ಮೇಲೆ ಬೂಟಿಟ್ಟು ಉಸಿರು ಬಿಡುವಾಗ ಅಭ್ಯಾಸಬಲದಿಂದ ವರ್ಷಕ್ಕೊಂದರಂತೆ ಮೂಡುವ ಉಂಗುರಗಳ ಮೇಲೆ ಉಗುರಾಡಿಸಿದೆ. ಅರವತ್ತಮೂರು. ಪಕ್ಕದ ಮರ ನೋಡಿದೆ. ಅದರಾಚೆಯದು, ಅದರಾಚೆಯದು. ಎಲ್ಲವೂ ಒಂದೇ ಗಾತ್ರ. ಒಂದೇ ಎತ್ತರ.

ಕಾಡು ಹಾಗೆ ಬೆಳೆಯುವುದಿಲ್ಲ. ಕಾಡಿನಲ್ಲಿ ಮುದುಕ ಮರವಿರುತ್ತದೆ, ಕೂಸು ಮರವಿರುತ್ತದೆ, ನಡುವೆ ಬಿದ್ದದ್ದೂ ಇರುತ್ತದೆ. ಇಲ್ಲಿ ಎಲ್ಲವೂ ಒಂದೇ ಬೇಸಿಗೆಯಲ್ಲಿ ಹುಟ್ಟಿದ್ದವು. ಎಂದರೆ ಅದಕ್ಕೆ ಮೊದಲು ಇದು ಬಯಲಾಗಿತ್ತು. ಯಾರೋ ಕಡಿದು, ತುಳಿದು, ಬದುಕಿ ಮಾಡಿದ ಬಯಲು. ಆ ಯಾರೋ ಒಮ್ಮೆಲೇ ಇಲ್ಲವಾಗಿದ್ದರು.

 ಆದರೂ ಎರಡನೆಯದಾಗಿ, ಆ ಬಯಲಿನ ಅಂಚಿನಲ್ಲಿದ್ದ ಇನ್ನೂ ಹಳೆಯ ಮರವೊಂದಕ್ಕೆ ಯಂತ್ರ ಹಿಡಿದೆ. ಬೆರಳಿನ ಆಳ ಹೋಗುವಷ್ಟರಲ್ಲಿ ಕಿಡಿ ಹಾರಿತು, ಸರಪಣಿ ಕಿರುಚಿತು. ಮರದೊಳಗೆ ಕಬ್ಬಿಣವಿತ್ತು. ತೊಗಟೆ ಕೆತ್ತಿ ನೋಡಿದೆ. ಕೆಟಲಿನ ಹಿಡಿ. ಮರ ಇನ್ನೂ ಹೆಬ್ಬೆರಳು ಗಾತ್ರದ ಗಿಡವಾಗಿದ್ದಾಗ ಯಾರೋ ಕೆಟಲನ್ನು ಅದಕ್ಕೆ ತೂಗುಹಾಕಿ ಹೋಗಿದ್ದರು. ತಿರುಗಿ ಬಂದು ಚಹಾ ಕಾಸುವವರಂತೆ.

ಯಂತ್ರ ಆರಿಸಿ ಪಾಚಿಯ ಮೇಲಿಟ್ಟೆ. ಟೋಪಿಯನ್ನು ಅದರ ಮೇಲಿಟ್ಟೆ. ಮೇಸ್ತ್ರಿಗೆ ಹೇಳಿದೆ, “ನಾನು ಕಡಿಯಲ್ಲ. ಇಲ್ಲಿ ಜನ ಇದ್ರು.”

ಅವನು ಸಿಟ್ಟಾಗಲಿಲ್ಲ. ಜೇಬಿನಿಂದ ಮಡಿಸಿದ ಕಾಗದ ತೆಗೆದು ನನ್ನ ಮುಖದ ಮುಂದೆ ಬಿಡಿಸಿದ. ನನ್ನ ನಕ್ಷೆಯ ಪ್ರತಿ. ತಿರುವು ಬಿಳಿ. ಮೂಲೆಯಲ್ಲಿ ನನ್ನ ಕೈಬರಹ.

“ಈ ಸಹಿ ಯಾರದು, ಏಳು? ಯಾರೂ ಇರ್ಲಿಲ್ಲ ಅಂತ ಬರ್ಕೊಟ್ಟೋಳೂ ನೀನೇ.”

 ಇಸಿಡೋರನ ದೋಣಿ ಹತ್ತಿ ಊರಿಗೆ ಬಂದೆ. ಗಡುವಿಗೆ ಆರು ದಿನ ಉಳಿದಿತ್ತು.

ಫಿಲೊಮೀನ್ ಅಜ್ಜಿ ಮನೆಯ ಹಿಂದೆ ಮೂಸಿನ ಚರ್ಮ ಹೆರೆಯುತ್ತಿದ್ದಳು. ಎಂಬತ್ತರ ಹತ್ತಿರದ ಜೀವ. ಚರ್ಮದ ಚೌಕಟ್ಟಿನ ಮುಂದೆ ನಿಂತರೆ ಅವಳ ತೋಳು ಇನ್ನೂ ನನ್ನ ತೋಳಿಗಿಂತ ಗಟ್ಟಿ. ನಾನು ಕಂಡದ್ದನ್ನು ಹೇಳಿದೆ. ಹೆರೆಯುವ ಮೂಳೆಯ ಉಪಕರಣ ಒಂದೇ ಲಯದಲ್ಲಿ ಏರಿಳಿಯುತ್ತಿತ್ತು. ಉಂಗುರದ ಲೆಕ್ಕ ಹೇಳಿದಾಗಲೂ ನಿಲ್ಲಲಿಲ್ಲ. ಕೆಟಲಿನ ಹಿಡಿಯ ಮಾತಿಗೆ ನಿಂತಿತು.

“ಎಷ್ಟು ಮರ ಕಡಿದೆ?”

“ಒಂದು ಉರುಳ್ತು ಅಜ್ಜಿ. ಇನ್ನೊಂದಕ್ಕೆ ಗಾಯ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚರ್ಮಕ್ಕೆ ಬೆನ್ನು ಕೊಟ್ಟು ಕೂತಳು. ಅರವತ್ತೈದು ವರ್ಷ ಯಾರಿಗೂ ಹೇಳದ್ದನ್ನು ನನ್ನ ಮುಖ ನೋಡದೆ ಹೇಳಿದಳು.

ಆ ಬೇಸಿಗೆ ಅವಳಿಗೆ ಹನ್ನೆರಡು. ತಿರುವಿನಲ್ಲಿ ಮೀನಿನ ಬೀಡು, ಹದಿನಾಲ್ಕು ಡೇರೆ. ಉಗಿಹಡಗು ಬಂತು. ದೊಡ್ಡವರು ಹಡಗನ್ನೇರಿ ಹಿಟ್ಟು, ಚಹಾ ತಂದರು. ಅದರ ಜೊತೆ ಜ್ವರ ಬಂತು. ಎಂಟು ದಿನದಲ್ಲಿ ಬಲೆ ಎತ್ತುವವರಿಲ್ಲದೆ ಮೀನು ನೀರಲ್ಲೇ ಕೊಳೆಯಿತು. ನಮ್ಮಲ್ಲಿ ಬೇಸಿಗೆಯಲ್ಲೂ ಎರಡಡಿ ಕೆಳಗೆ ನೆಲ ಹೆಪ್ಪುಗಟ್ಟಿರುತ್ತದೆ. ಗುದ್ದಲಿ ಎತ್ತುವ ತ್ರಾಣ ಯಾರಿಗೂ ಇರಲಿಲ್ಲ. ಒಂದು ಡೇರೆಯಲ್ಲಿ ಎಲ್ಲರೂ ಸತ್ತರೆ ಉಳಿದವರು ಹೊರಗಿನಿಂದ ಹಗ್ಗ ಕತ್ತರಿಸಿ ಡೇರೆಯನ್ನು ಅವರ ಮೇಲೆ ಬೀಳಿಸುತ್ತಿದ್ದರು. ಅಷ್ಟೇ ಶವಸಂಸ್ಕಾರ. ಮೊದಲ ಒಂಬತ್ತು ಡೇರೆಗಳನ್ನು ದೊಡ್ಡವರು ಬೀಳಿಸಿದರು. ಆಮೇಲೆ ಎದ್ದು ನಿಲ್ಲಬಲ್ಲ ದೊಡ್ಡವರು ಇರಲಿಲ್ಲ. ಉಳಿದವನ್ನು ಅಜ್ಜಿ ಒಬ್ಬಳೇ ಬೀಳಿಸಿದಳು.

ಚರ್ಮದಿಂದ ಉದುರಿದ ಕೂದಲನ್ನು ಅವಳು ಮಡಿಲಿನಿಂದ ಕೊಡವಿದಳು. 

“ಕೊನೇದು ನಮ್ಮದು. ಅಮ್ಮ ಅಂದ್ಲು, ಹಗ್ಗ ಕತ್ತರ್ಸಿ ದೋಣಿ ಹತ್ತು ಅಂತ. ನೀನಿನ್ನೂ ಇದ್ದೀಯಲ್ಲಮ್ಮ ಅಂದೆ. ನಾನಿರೋವರ್ಗೂ ನೀನು ಹೋಗಲ್ಲ, ಇಲ್ಲೇ ಸಾಯ್ತೀಯ, ಕತ್ತರ್ಸು ಅಂದ್ಲು. ಕತ್ತರ್ಸಿದೆ. ಡೇರೆ ಬಿತ್ತು. ಬಟ್ಟೆ ಇನ್ನೂ ಉಸಿರಾಡ್ತಿತ್ತು ಕಣೇ. ನಾನು ದೋಣಿ ಹತ್ತಿದೆ.”

ಅವಳ ಕೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ನನಗೆ ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಇಷ್ಟನ್ನೂ ಅಧಿಕಾರಿಗೆ ಹೇಳಿದರೆ ತಿರುವು ಉಳಿಯುತ್ತದೆ ಎಂದೆ. ಕಂಡವರು ನೀನೊಬ್ಬಳೇ ಎಂದೆ.

“ಅವನಿಗೆ ಹೇಳಿದ್ರೆ ಅವಳಿಗೂ ಕೇಳುತ್ತೆ,” ಎಂದಳು. ಎದ್ದು ಮತ್ತೆ ಚರ್ಮ ಹೆರೆಯಲು ನಿಂತಳು.

ಐದು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಚರ್ಮ ಹೆರೆದು ಮುಗಿಯಿತು, ಹೊಗೆಗೆ ಹಾಕಿದ್ದಾಯಿತು. ಊರಿನವರು ಬಂದು ಬಾಗಿಲ ಬಳಿ ನಿಂತು ಹೋದರು. ಯಾರೂ ಒತ್ತಾಯಿಸಲಿಲ್ಲ. ಆರನೆಯ ದಿನ ಬೆಳಿಗ್ಗೆ ಅಧಿಕಾರಿ ತಿರುವಿಗೆ ಸ್ಥಳಪರೀಕ್ಷೆಗೆ ಬರುವನೆಂಬ ಸುದ್ದಿ ಬಂತು. ನಾನು ಸೋತ ಮನಸ್ಸಿನಿಂದ ದಡಕ್ಕಿಳಿದರೆ, ಅಜ್ಜಿ ಇಸಿಡೋರನ ದೋಣಿಯಲ್ಲಿ ಆಗಲೇ ಕೂತಿದ್ದಳು. ಹಿಂದೆ ಇನ್ನೂ ಏಳು ದೋಣಿ ಹೊರಟವು.

ತಿರುವಿನಲ್ಲಿ ಯಾರೂ ಎಂಜಿನ್ ತಗ್ಗಿಸಲಿಲ್ಲ. ಇಸಿಡೋರ್ ಮೊದಲ ಬಾರಿಗೆ ಈ ದಡಕ್ಕೆ ದೋಣಿ ಹಚ್ಚಿದ. ಅವನ ತುಟಿ ಬೆಳ್ಳಗಿತ್ತು. ಅಗೆಯುವ ಯಂತ್ರ ದೊಡ್ಡ ತೆಪ್ಪದಿಂದ ಇಳಿದು ದಂಡೆಯ ಮೇಲೆ ನಿಂತಿತ್ತು, ಹಳದಿ ಕೈ ಮಡಿಸಿಕೊಂಡು. ಮೇಸ್ತ್ರಿ ಅದರ ಪಕ್ಕ ಸಿಗರೇಟು ಸೇದುತ್ತಿದ್ದ. ಭೂ ಅಧಿಕಾರಿ ವಿಟ್ಕೋಂಬ್ ತೆಳ್ಳಗಿನ, ಮೆಲುದನಿಯ ಮನುಷ್ಯ. ಮಡಚುವ ಕುರ್ಚಿ ತೆಗೆದು ಅಜ್ಜಿಗೆ ಕೊಟ್ಟ. ಅವಳು ಕೂರಲಿಲ್ಲ.

ನಾನು ಕೆಟಲಿನ ಹಿಡಿ ತೋರಿಸಿದೆ, ಮರದ ಉಂಗುರ ಎಣಿಸಿ ತೋರಿಸಿದೆ. ಅವನು ಶ್ರದ್ಧೆಯಿಂದ ಬಗ್ಗಿ ನೋಡಿದ. ಯಾವನೋ ವ್ಯಾಪಾರಿ ಬಿಟ್ಟುಹೋದ ಕೆಟಲು ಇರಬಹುದು, ಹಿಂದೊಮ್ಮೆ ಕಾಡಿಗೆ ಬೆಂಕಿ ಬಿದ್ದಿರಬಹುದು ಎಂದ. ಒಂದು ಕೆಟಲಿನಿಂದ ಒಂದು ಊರು ಆಗುವುದಿಲ್ಲವಲ್ಲ, ಎಂದು ನೊಂದುಕೊಂಡೇ ಹೇಳಿದ.

ಅಜ್ಜಿ ಮುಂದೆ ಬಂದಳು. ನಾನು ಕಂಡಿದ್ದೇನೆ, ಎಂದಳು. ನಾನು ಅವನ ಭಾಷೆಗೆ ತಿರುಗಿಸಿದೆ. ಸತ್ತವರ ಹೆಸರು ಬೇಕು ಎಂದ ಅವನು, ಪೆನ್ನು ತೆಗೆದ.

ಹಿಂದೆ ನಿಂತ ನಮ್ಮವರಲ್ಲಿ ಒಂದು ಅಲುಗಾಟ ಹಾದು ಹೋಯಿತು. ಅಜ್ಜಿ ಅಧಿಕಾರಿಯತ್ತ ನೋಡಲಿಲ್ಲ. ಮರಗಳ ಕಡೆಗೆ ತಿರುಗಿ ಶುರು ಮಾಡಿದಳು. ಮೊದಲ ಡೇರೆಯವರು, ಎರಡನೆಯ ಡೇರೆಯವರು. ಗಂಡ, ಹೆಂಡತಿ, ಮಕ್ಕಳು, ಕಾಲು ಮುರಿದಿದ್ದ ಅತ್ತೆ, ಇನ್ನೂ ಹೆಸರಿಡದ ಕೂಸು. ಊರಿನಲ್ಲಿ ಅರವತ್ತೈದು ವರ್ಷ ಯಾರೂ ಬಾಯಿಗೆ ತಾರದ ಹೆಸರುಗಳು. ಅವಳು ಹೇಳಿದ ನಂಟಿನಿಂದಲೇ ಒಬ್ಬೊಬ್ಬರೂ ಗುರುತು ಹಿಡಿದರು: ಇದು ನನ್ನ ತಾತನ ತಮ್ಮ, ಇದು ನನ್ನ ಮುತ್ತಜ್ಜಿ. ಟೋಪಿಗಳು ಒಂದೊಂದಾಗಿ ತಲೆಯಿಂದ ಇಳಿದವು. ಇಸಿಡೋರ್ ಮಂಡಿಯೂರಿದ. ಕಾಡಿನೊಳಗಿನಿಂದ ಒಂದು ಹಕ್ಕಿಯೂ ಏಳಲಿಲ್ಲ. ನನಗೆ ಮಾತ್ರ, ಪ್ರತಿ ಹೆಸರಿಗೂ ಆ ಸಮಗಾತ್ರದ ಮರಗಳ ನಡುವೆ ಒಬ್ಬೊಬ್ಬರು ಬಂದು ನಿಲ್ಲುತ್ತಿದ್ದಾರೆ ಎನಿಸಿ, ಕತ್ತು ಎತ್ತಲಾಗಲಿಲ್ಲ.

ಮೂವತ್ತೇಳು ಹೆಸರಿಗೆ ಅವಳು ನಿಂತಳು. ಇಷ್ಟೇನಾ ಎಂದು ಅಧಿಕಾರಿ ಕೇಳಿದ.

“ಒಬ್ಬಳಿದ್ದಾಳೆ. ಅವಳನ್ನ ನಿನ್ನೆದುರಿಗೆ ಕರೆಯಲ್ಲ.”

ಅವನು ಕಾಗದ ಮಡಿಸಿದ. ಹೆಸರುಗಳನ್ನು ನಂಬುತ್ತೇನೆ, ಎಂದ. ಅವರು ಸತ್ತದ್ದನ್ನೂ ನಂಬುತ್ತೇನೆ. ಆದರೆ ಈ ಜಾಗದಲ್ಲೇ ಎಂಬುದು ಖಚಿತವಾಗಬೇಕು. ಒಂದು ಸಣ್ಣ ಗುಂಡಿ, ಎರಡಡಿ ಆಳ, ಬಹಳ ಗೌರವದಿಂದ. ಎಲ್ಲಿ ಎಂದು ತಾಯಿಯವರು ತೋರಿಸಿದರೆ ಸಾಕು. ಮೂಳೆ ಸಿಕ್ಕರೆ ಪರವಾನಗಿ ಈ ಕ್ಷಣವೇ ರದ್ದು.

ನಾನು ತಿರುಗಿಸಿ ಹೇಳಿದೆ. ಹೇಳುವಾಗ ನನ್ನ ನಾಲಿಗೆಯೇ ನನಗೆ ಹೇಸಿಗೆಯಾಯಿತು.

ಅಜ್ಜಿ ಅವನನ್ನು ಮೊದಲ ಬಾರಿಗೆ ದಿಟ್ಟಿಸಿದಳು. “ಅಗೀಬೇಡ ಅಂತ ಹೇಳೋಕೆ ಬಂದಿದ್ದೀನಪ್ಪ. ಅಗೆದು ತೋರ್ಸು ಅಂತೀಯಲ್ಲ. ನಿಮ್ಮಮ್ಮನ ಗೋರಿ ಎಲ್ಲಿದೆ ಅಂದ್ರೆ ನೀನು ತೋಡಿ ತೋರಿಸ್ತೀಯಾ?”

ಅವನು ಕಾಲಡಿಯ ಪಾಚಿಯನ್ನು ನೋಡಿದ.

“ನಾನು ತೋರ್ಸಲ್ಲ,” ಎಂದಳು.

ಅವನು ಕೈಗಡಿಯಾರ ನೋಡಿದ. ಗಡುವು ಮುಗಿಯಿತೆಂದೂ, ಆಕ್ಷೇಪಣೆ ಸಾಬೀತಾಗಲಿಲ್ಲವೆಂದೂ ಬರೆದು ಮೇಸ್ತ್ರಿಗೆ ತಲೆಯಾಡಿಸಿದ. ಯಂತ್ರ ಗುರುಗುಟ್ಟಿ ಮಡಿಸಿದ ಕೈ ಎತ್ತಿತು. ಅಧಿಕಾರಿ ನಮ್ಮೆಲ್ಲರನ್ನೂ ದೋಣಿಗಳ ಕಡೆ ಸರಿಯಲು ಕೇಳಿದ. ನೂರು ಹೆಜ್ಜೆಯೊಳಗೆ ಮನುಷ್ಯರಿದ್ದರೆ ಯಂತ್ರ ಅಗೆಯುವಂತಿಲ್ಲ. ಜಾಗ ಖಾಲಿಯಿದೆ ಎಂದು ಅವನೇ ತಲೆ ಎಣಿಸಿ ಬರೆದುಕೊಡಬೇಕು.

ಅಜ್ಜಿ ದೋಣಿಯ ಕಡೆ ಹೋಗಲಿಲ್ಲ. ಮರಗಳ ನಡುವೆ ನಡೆದಳು. ಅರವತ್ತೈದು ವರ್ಷದ ಕಾಡು ಮುಚ್ಚಿದ ನೆಲದಲ್ಲಿ ಎಡಕ್ಕೂ ಬಲಕ್ಕೂ ತಿರುಗದೆ ನೇರ ನಡೆದು ಒಂದು ಕಡೆ ನಿಂತಳು. ತಿರುಗಿ ನನ್ನನ್ನು ಕರೆದಳು.

“ಮೂವತ್ತೇಳು ಜನಾನ ಕರ್ದಿದ್ದೀನಿ. ಬಂದು ನಿಂತಿದ್ದಾರೆ. ಅವರನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ಡೇರೆ ತಗೊಂಬಾ.”

ಡೇರೆಯಿಲ್ಲದೆ ನಮ್ಮ ಯಾವ ದೋಣಿಯೂ ನದಿಗಿಳಿಯುವುದಿಲ್ಲ. ನಾನೂ ಇಸಿಡೋರನೂ ಹೊತ್ತು ತಂದೆವು. ಗೂಟ ಹೊಡೆಯಲು ಅವಳು ಬಿಡಲಿಲ್ಲ. ನೆಲ ಚುಚ್ಚಬೇಡಿ ಎಂದಳು. ನಾಲ್ಕೂ ಹಗ್ಗಗಳನ್ನು ಮರಗಳಿಗೆ ಕಟ್ಟಿದೆವು. ಅವಳು ಪ್ರತಿ ಗಂಟನ್ನೂ ಎಳೆದು ನೋಡಿದಳು, ಎರಡೆರಡು ಸಲ. ಒಳಗೆ ಹೋಗಿ ಬಾಗಿಲಿನ ದಾರ ಬಿಗಿದುಕೊಂಡಳು.

ಮೇಸ್ತ್ರಿ ಓಡಿ ಬಂದ. ಮುದುಕಿಯನ್ನು ಹೊರಗೆ ಎಳೆದುಹಾಕಿ ಎಂದು ನಮಗೇ ಹೇಳಿದ. ಇಸಿಡೋರ್ ಬಾಗಿಲಿಗೆ ಅಡ್ಡ ಕೂತ. ಅವನ ಪಕ್ಕ ನಾನು ಕೂತೆ. ದೋಣಿಗಳಿಂದ ಇಳಿದವರು ಒಬ್ಬೊಬ್ಬರಾಗಿ ಬಂದು ಮರಗಳಿಗೆ ಬೆನ್ನು ಕೊಟ್ಟು ಕೂತರು. ಎಳೆಯುವುದಾದರೆ ಎಲ್ಲರನ್ನೂ ಎಳೆಯಬೇಕಾಗಿತ್ತು.

ಅಧಿಕಾರಿ ಕಾಗದದ ಹಲಗೆ ಹಿಡಿದು ನಿಧಾನವಾಗಿ ಬಂದ. ಹೊರಗೆ ಕೂತವರನ್ನು ಪೆನ್ನಿನ ತುದಿಯಿಂದ ಎಣಿಸಿದ. ಡೇರೆಯ ಮುಂದೆ ನಿಂತ.

ಒಳಗೆ ಅಜ್ಜಿ ಮಾತಾಡುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಕೇಳಿದ ದನಿಯಲ್ಲ ಅದು. ತೆಳ್ಳಗಿತ್ತು, ಎಳೆಯದಾಗಿತ್ತು. ‘ಅಮ್ಮಾ’ ಎಂದು ಏನೋ ಕೇಳುವಳು, ಸುಮ್ಮನಾಗುವಳು. ಆ ಮೌನ ಒಂದು ಉತ್ತರದಷ್ಟು ಉದ್ದವಿರುತ್ತಿತ್ತು. ಆಮೇಲೆ ‘ಹೂಂ’ ಎನ್ನುವಳು.

“ಒಳಗೆ ಎಷ್ಟು ಜನ?” ಎಂದು ಅಧಿಕಾರಿ ನನ್ನನ್ನು ಕೇಳಿದ.

“ಇಬ್ಬರು,” ಎಂದೆ.

ಅವನು ಬಗ್ಗಿ ಡೇರೆಗೆ ಕಿವಿಗೊಟ್ಟ. ತುಂಬ ಹೊತ್ತು ಹಾಗೆಯೇ ಇದ್ದ. ನೆಟ್ಟಗಾದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಕಾಗದದ ಮೇಲೆ ಎರಡು ಎಂದು ಬರೆದು, ಯಂತ್ರದವನಿಗೆ ನಿಲ್ಲಿಸು ಎಂದು ಕೈ ಎತ್ತಿದ.